ಹತ್ತಕ್ಕೆ ನಾಲ್ಕು

ಮೂಗೂರಿನ ಪುಟ್ಟಬಸವಯ್ಯ ಮೇಷ್ಟ್ರು ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿದರು, ಯಾರಿಗೂ ಹತ್ತಕ್ಕೆ ಏಳರ ಮೇಲೆ ಕೊಡಲಿಲ್ಲ. ಎಂಟು ಕೊಟ್ಟರೆ ಹುಡುಗ ಕೆಟ್ಟುಹೋಗುತ್ತಾನೆ, ಹತ್ತು ಕೊಟ್ಟರೆ ಮೇಷ್ಟ್ರೇ ಕೆಟ್ಟುಹೋದ ಹಾಗೆ ಎಂಬುದು ಅವರ ನಂಬಿಕೆ. ಇನ್ನೊಂದು ಹಟವೂ ಇತ್ತು: 'ಹ' ನುಂಗುವವರನ್ನು ಕಂಡರೆ ಅವರಿಗೆ ಆಗದು. ಮೈಸೂರಿಗೆ ಟ್ರೈನಿಂಗಿಗೆ ಹೋದಾಗ 'ಹಳ್ಳಿ'ಗೆ 'ಅಳ್ಳಿ' ಅಂದಿದ್ದಕ್ಕೆ ಇಡೀ ತರಗತಿ ಅವರನ್ನು ನೋಡಿ ನಕ್ಕಿತ್ತು. ಅಂದಿನಿಂದ ಊರಿನವರ ಬಾಯಿಗೆಲ್ಲ ಹ ತುರುಕುವುದೇ ಅವರ ಕಸುಬಾಯಿತು. ಹೆಂಡತಿ ಮಂಚಮ್ಮ ಮಾತ್ರ ನಲವತ್ತು ವರ್ಷವಾದರೂ ಸುಧಾರಿಸಲಿಲ್ಲ.

ಇಂಥವರಿಗೆ ಕ್ಯಾನ್ಸರ್ ಬಂತು, ಬೆನ್ನುಮೂಳೆಗೂ ಇಳಿಯಿತು. ನರಸೀಪುರದಲ್ಲಿ ಬಸ್ಸು ಬದಲಿಸಿ, ರಸ್ತೆಯ ಒಂದೊಂದು ಉಬ್ಬಿಗೂ ಹಲ್ಲು ಕಚ್ಚಿಕೊಂಡು, ಗಂಡ ಹೆಂಡತಿ ನಂಜನಗೂಡಿನ ಆಸ್ಪತ್ರೆಗೆ ಹೋದರು. ಅಲ್ಲಿ ನೋವಿಗೆಂದೇ ಚಿಕಿತ್ಸೆ ಕೊಡುವ ಡಾಕ್ಟರ್ ಚೈತ್ರ, ಮಂಗಳೂರು ಕಡೆಯ ಹುಡುಗಿ. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾರದ್ದಾದರೆ ಹತ್ತು, ನಿಮ್ಮದೆಷ್ಟು ಎಂದು ಕೇಳಿದರು. ಮೇಷ್ಟ್ರಿಗೆ ಒಳಗೊಳಗೇ ಖುಷಿ. ರಿಟೈರಾಗಿ ಎಂಟು ವರ್ಷದ ಮೇಲೆ ಮತ್ತೆ ಅಂಕ ಕೊಡುವ ಅವಕಾಶ! ಸೊಂಟದಲ್ಲಿ ಯಾರೋ ಗರಗಸ ಆಡಿಸುತ್ತಿದ್ದಂತಿತ್ತು. ಯೋಚಿಸಿ, ನಾಲ್ಕು ಅಂದರು. ಅಂದಮೇಲೆ, ಸ್ವಲ್ಪ ಧಾರಾಳವಾಯಿತೇನೋ ಅಂತಲೂ ಅನ್ನಿಸಿತು. ನಾಲ್ಕಕ್ಕೆ ತಕ್ಕ ಮಾತ್ರೆ ಸಿಕ್ಕಿತು.

ಮೂರು ತಿಂಗಳು ಇದೇ ನಡೆಯಿತು. ನಿದ್ದೆಯಿಲ್ಲ, ಊಟ ಸೇರದು, ಕೂತರೆ ಏಳಲಾಗದು. ಅಂಕ ಮಾತ್ರ ನಾಲ್ಕು. ಸಾಲದ್ದಕ್ಕೆ ತಮ್ಮ ರಾಜೇಂದ್ರ ತಗಡೂರಿನಿಂದ ಬಂದು, ನೋವಿಗೆ ಮಾರ್ಫಿನ್ ಕೊಟ್ಟರು ಅಂದರೆ ಡಾಕ್ಟರು ಕೈ ಬಿಟ್ಟರು ಅಂತಲೇ ಅರ್ಥ, ಚಟ ಬೇರೆ ಅಂಟಿಕೊಳ್ಳುತ್ತದೆ ಎಂದು ಉಪದೇಶ ಮಾಡಿ, ಎರಡು ಮುದ್ದೆ ಉಂಡು ಹೋದ. ಅಣ್ಣನ ನೋವನ್ನು ತಡೆದುಕೊಳ್ಳುವುದರಲ್ಲಿ ಅವನಂಥ ಗಟ್ಟಿಗ ಇನ್ನೊಬ್ಬನಿರಲಿಲ್ಲ.

ಮುಂದಿನ ಸಲ ಚೈತ್ರ ಅದೇ ಪ್ರಶ್ನೆ ಕೇಳಿದಾಗ, ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಮಂಚಮ್ಮ ಉತ್ತರ ಕೊಟ್ಟರು.

"ಅತ್ತು ಕಣವ್ವ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅತ್ತದ್ದಾ? ಯಾರು ಅತ್ತದ್ದು?"

ಮೇಷ್ಟ್ರಿಗೆ ಉರಿದುಹೋಯಿತು. "ಅತ್ತು ಅಲ್ಲ ಡಾಕ್ಟ್ರೇ, ಹತ್ತು. ಹತ್ತು! ಇವಳಿಗೆ ಹ ಬರೋದಿಲ್ಲ."

ಚೈತ್ರ ಹತ್ತು ಅಂತ ಬರೆದುಕೊಂಡರು. ತಾನು ತಿದ್ದಿದ್ದು ಉಚ್ಚಾರವನ್ನೇ ಹೊರತು ಅಂಕವನ್ನಲ್ಲ ಎಂದು ಮೇಷ್ಟ್ರು ವಾದಕ್ಕೆ ಹೊರಟರು. ಮಂಚಮ್ಮ ಬಿಡಲಿಲ್ಲ. ಡಾಕ್ಟರಮ್ಮ ಕೇಳಿಸಿಕೊಂಡಿದ್ದೂ ಸರಿಯೇ. ಇವರು ದಿನಾ ಬೆಳಿಗ್ಗೆ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾರೆ, ನೀರಿನ ಸದ್ದಿಗೆ ನನಗೆ ಕೇಳಿಸದು ಅಂದುಕೊಂಡಿದ್ದಾರೆ ಎಂದು ಹೇಳಿಯೇಬಿಟ್ಟರು. ವಾದ ಅಲ್ಲಿಗೆ ನಿಂತಿತು. ಮೇಷ್ಟ್ರಿಗೆ ಭೂಮಿಗಿಳಿದುಹೋಗುವಷ್ಟು ನಾಚಿಕೆಯಾಯಿತು.

ಚೈತ್ರ ಮಾರ್ಫಿನ್ ಮಾತ್ರೆ ಬರೆದರು, ಅದರಿಂದಾಗುವ ಮಲಬದ್ಧತೆಗೆ ಇನ್ನೊಂದು. ನೋವು ಬಂದಮೇಲಲ್ಲ, ಗಡಿಯಾರ ನೋಡಿಕೊಂಡು ನುಂಗಬೇಕು. ಇದು ಸಾವಿನ ಮದ್ದಲ್ಲ, ನೋವಿನ ಮದ್ದು ಎಂದು ಬಿಡಿಸಿ ಹೇಳಿದರು. ರೋಗವೇನೂ ಹೋಗಲಿಲ್ಲ. ಆದರೆ ವಾರದೊಳಗೆ ಮೇಷ್ಟ್ರು ನಿದ್ದೆ ಮಾಡಿದರು, ಉಂಡರು, ಜಗುಲಿಯ ಮೇಲೆ ಕೂತು ಪೇಪರಿನಲ್ಲಿ ಅಕ್ಷರದೋಷ ಹುಡುಕತೊಡಗಿದರು.

ಅದೇ ಉತ್ಸಾಹದಲ್ಲಿ ಹೆಂಡತಿಯನ್ನೂ ಕೇಳಿದರು: ಇಷ್ಟು ದಿನ ನನ್ನನ್ನು ನೋಡಿಕೊಂಡು ನಿನಗೂ ನೋವಾಗಿರಬೇಕಲ್ಲ, ಹತ್ತಕ್ಕೆ ಎಷ್ಟು? ಮಂಚಮ್ಮ ಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ.

"ನಲ್ವತ್ತು ವರ್ಸಕ್ಕೆ ಇವತ್ತು ಕೇಳುದ್ರಿ," ಅಂದರು. "ಎಲ್ಲಿಂದ ಎಣುಸ್ಲಿ?"