ಕುಂಬಾರರ ಅಜ್ಜಿಯ ಪಡಸಾಲೆ

ಮಹಾರಾಜರ ಕಾಲದ ರಾವಂದೂರಿನಲ್ಲಿ ಆಷಾಢದ ಮಳೆ ಹಿಡಿದರೆ ವಾರಗಟ್ಟಲೆ ಬಿಡುತ್ತಿರಲಿಲ್ಲ. ಹಸಿ ಮಡಕೆ ಒಣಗುತ್ತಿರಲಿಲ್ಲವಾದ್ದರಿಂದ ಕುಂಬಾರರ ಅಜ್ಜಿಗೆ ಕೆಲಸವಿರುತ್ತಿರಲಿಲ್ಲ. ಮನೆಯೊಳಗೆ ಕೂತು ಬೇಸತ್ತ ಊರ ಮಕ್ಕಳನ್ನೆಲ್ಲ ಪಡಸಾಲೆಗೆ ಕರೆದು, ಒಬ್ಬೊಬ್ಬರಿಗೂ ಹಿಡಿ ಮಣ್ಣು ಕೊಡುತ್ತಿದ್ದಳು. ನಾವು ಎತ್ತು, ಗಾಡಿ, ಒಲೆ ಮಾಡುತ್ತಿದ್ದೆವು. ಏನಾದರೂ ಕುಸಿದರೆ ಅವಳದು ಒಂದೇ ಮಾತು: "ಬುಡು, ಇನ್ನೊಂದ್ ಮಾಡು."

ಒಂದು ಮಧ್ಯಾಹ್ನ, ಊರವರು ಮುಟ್ಟಿಸಿಕೊಳ್ಳದ ಹೊರಗೇರಿಯ ಅಣ್ಣತಂಗಿಯರಿಬ್ಬರು ನೆನೆದು ಬಂದು ಜಗಲಿಯಲ್ಲಿ ನಿಂತರು. ಅಜ್ಜಿ ಅವರನ್ನೂ ಒಳಗೆ ಕರೆದು ನನ್ನ ಪಕ್ಕ ಕೂರಿಸಿದಳು. ಸುದ್ದಿ ತಿಳಿದು ಊರ ಪಟೇಲರಾದ ನಮ್ಮ ತಾತ ಕೊಡೆ ಹಿಡಿದು ಬಂದರು.

"ಅವರಿಬ್ಬರನ್ನ ಆಚೆ ಕಳಿಸು. ಇಲ್ಲಾಂದ್ರೆ ನಮ್ಮ ಬೀದಿಯೋರು ನಿನ್ನ ಮಡಕೆ ಮುಟ್ಟಲ್ಲ."

ಅಜ್ಜಿ ಮಣ್ಣಿನ ಕೈಯಲ್ಲೇ ಬಾಗಿಲಿಗೆ ಅಡ್ಡ ನಿಂತಳು. "ಈ ಮಳೇಲಿ ಮಕ್ಕಳ್ನ ಆಚೆಗೆ ಅಟ್ಟಾಕಿಲ್ಲ ಪಟೇಲ್ರೇ. ಮಡಕೆ ಬ್ಯಾಡ್ದಿದ್ರೆ ಬುಡಿ."

ತಾತ ನನ್ನನ್ನು ಮಾತ್ರ ಎಳೆದುಕೊಂಡು ಹೋದರು. ಹೇಳಿದಂತೆ ನಮ್ಮ ಬೀದಿಯವರು ಅವಳ ಮಡಕೆ ಕೊಳ್ಳುವುದನ್ನು ಬಿಟ್ಟರು. ಅವಳು ಹೊರೆ ಹೊತ್ತು ಪಿರಿಯಾಪಟ್ಟಣದ ಸಂತೆಗೆ ನಡೆದಳು. ತಾತನ ಹತ್ತಿರ ಒಂದು ದಿನವೂ ಬಂದು ಬೇಡಲಿಲ್ಲ.

ಮರುವರ್ಷ ಮಳೆ ಹಿಡಿದಾಗ, ತಾತ ಮಲಗಿದ್ದನ್ನು ನೋಡಿಕೊಂಡು ನಾನು ಅಲ್ಲಿಗೆ ಓಡಿದೆ. ಪಡಸಾಲೆ ತುಂಬ ಕೇರಿಯ ಮಕ್ಕಳಿದ್ದರು. ಅಜ್ಜಿ ನನ್ನನ್ನು ಏನೂ ಕೇಳಲಿಲ್ಲ. "ವಸಿ ಸರ್ಕಳ್ರಪ್ಪ" ಎಂದು ಅವರ ನಡುವೆ ನನಗೆ ಜಾಗ ಮಾಡಿಸಿದಳು.