ಆರು ಮರಿಗಳ ಪಾಲು

ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳು ಹೊಸ ಸೀರೆ ಉಟ್ಟು ಬರುತ್ತಾರೆ, ಅತ್ತೆಯ ಮೇಲಿನ ದೂರು ಹೊತ್ತು ಬರುತ್ತಾರೆ. ನಾನು ಬಾಟಲಿಯಲ್ಲಿ ಆರು ಶಾರ್ಕ್ ಮರಿಗಳನ್ನು ತಂದೆ. ತಪ್ಪು ನನ್ನದೇ. ಅದನ್ನು ಮೊದಲೇ ಒಪ್ಪಿಬಿಟ್ಟರೆ ಆಮೇಲೆ ಬೇರೆಯವರನ್ನು ಬೈಯಲು ಅನುಕೂಲ.

ನನ್ನ ಕೆಲಸ ಕಾರವಾರದಲ್ಲಿ. ದೋಣಿಗಳು ದಡಕ್ಕೆ ಬಂದಾಗ ಅಲ್ಲಿ ನಿಂತು, ಬಲೆಗೆ ಬಿದ್ದ ಶಾರ್ಕುಗಳನ್ನು ಅಳೆದು ಬರೆದುಕೊಳ್ಳುವುದು. ಆ ಕಡೆ ಅದಕ್ಕೆ ಮೋರಿ ಎನ್ನುತ್ತಾರೆ. ಸಿನಿಮಾದಲ್ಲಿ ಮನುಷ್ಯರನ್ನು ನುಂಗುತ್ತದಲ್ಲ, ಅದಲ್ಲ. ಇದು ಮೊಳದುದ್ದದ, ಚಪ್ಪಟೆ ಮೂತಿಯ ಬಡಪಾಯಿ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಕೋಳಿಮೊಟ್ಟೆಯ ಹೆಸರನ್ನೂ ದನಿ ತಗ್ಗಿಸಿ ಹೇಳುತ್ತಾರೆ. ಹಾಗಾಗಿ ಯಾರು ಕೇಳಿದರೂ ಅವ್ವನದು ಒಂದೇ ಉತ್ತರ: "ನಮ್ಮಕಿ ಸಮುದ್ರದ ನೀರು ಪರೀಕ್ಷಾ ಮಾಡತಾಳ್ರಿ." ನೀರಿನೊಳಗೆ ಏನಿರುತ್ತದೆ ಎಂದು ಇದುವರೆಗೆ ಯಾರೂ ಕೇಳಿಲ್ಲ, ನನ್ನ ಪುಣ್ಯ.

ಬೇರೆ ಮೀನುಗಳು ರಾಶಿ ರಾಶಿ ಮೊಟ್ಟೆ ಚೆಲ್ಲಿ ತಮ್ಮ ದಾರಿ ಹಿಡಿಯುತ್ತವೆ. ಈ ಮೋರಿ ಹಾಗಲ್ಲ. ನಮ್ಮ ಹಾಗೆಯೇ ಹೊಟ್ಟೆಯಲ್ಲಿ ಹೊತ್ತು, ಹೊಕ್ಕಳಬಳ್ಳಿಯಿಂದ ಉಣಿಸಿ, ನಾಲ್ಕಾರು ಮರಿ ಹೆರುತ್ತದೆ. ಹೆರಲು ಆಳ ಬಿಟ್ಟು ದಡದ ಆಳವಿಲ್ಲದ ನೀರಿಗೆ, ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಬರುತ್ತದೆ. ಬಲೆಗಳೂ ಅಲ್ಲೇ. ತಾಯಿಯೂ ಹೋಯಿತು, ಹೊಟ್ಟೆಯೊಳಗಿನವೂ ಹೋದವು. ಈ ಸಲ ಅಲ್ಲಿನ ಹಿರಿಯ ಮೀನುಗಾರರೊಬ್ಬರು ನನಗೆ ಮಾತು ಕೊಟ್ಟಿದ್ದರು: "ಯಾವಾಗ ಹೆರ್ತದೆ ಅಂತ ಸರಿಯಾಗಿ ತೋರಿಸಿ. ಅಷ್ಟು ದಿವಸ ಅಳಿವೆ ಬದಿಗೆ ಬಲೆ ಬಿಡುದಿಲ್ಲ." ಅದನ್ನು ತೋರಿಸಬೇಕಾದದ್ದು ಈ ಆರು ಮರಿಗಳು. ದಿನ ತುಂಬಿದ ಮರಿಗಳು, ಆ ಹಂಗಾಮಿನಲ್ಲಿ ನನಗೆ ಮೊದಲು ಸಿಕ್ಕವು. ಮೀನು ಕೊಯ್ಯುವ ಹೆಂಗಸು ತಾಯಿಯ ಹೊಟ್ಟೆ ಸೀಳಿ ತೆಗೆದು, ನನ್ನ ಕೈಗೆ ಹಾಕಿದ್ದಳು. ಬಸ್ಸಿಗೆ ಹೊತ್ತಾಗಿತ್ತು. ಊರಿಗೆ ಹೋಗಿ ಅಳೆದರಾಯಿತೆಂದು ಸ್ಪಿರಿಟ್ಟಿನಲ್ಲಿ ಮುಳುಗಿಸಿ, ಚೀಲಕ್ಕೆ ಹಾಕಿ ಹೊರಟೆ.

ಕಿತ್ತೂರಿನಲ್ಲಿ ಬಸ್ಸು ಬದಲಿಸಿ ಚೀಲ ಅಪ್ಪಿಕೊಂಡು ಕುಳಿತಾಗ ಪಕ್ಕದ ಹಿರಿಯರು, "ಏನೈತ್ರಿ ತಂಗಿ, ಭಾರಿ ಜ್ವಾಕಿ ಮಾಡಾಕ ಹತ್ತೀರಿ?" ಎಂದರು. ಉಪ್ಪಿನಕಾಯಿ ಎಂದೆ. ಮನೆ ಮುಟ್ಟಿದ್ದು ರೊಟ್ಟಿ ಹಬ್ಬದ ದಿನ, ಪಂಚಮಿಗೆ ಎರಡು ದಿನ ಮೊದಲು. ಬಾಟಲಿಯನ್ನು ಕೋಣೆಯಲ್ಲಿ ಜೋಳದ ಚೀಲದ ಹಿಂದೆ ಬಚ್ಚಿಟ್ಟೆ. ಪಂಚಮಿಗೆ ಅಳ್ಳು ಹುರಿಯಲು ಅವ್ವ ಜೋಳ ತೆಗೆಯದೆ ಇನ್ನೇನು ತೆಗೆಯುತ್ತಾಳೆ? ಇಷ್ಟು ಓದಿದ ತಲೆಗೆ ಅಷ್ಟು ಹೊಳೆಯಲಿಲ್ಲ ನೋಡಿ!

ಪಂಚಮಿಯ ಬೆಳಿಗ್ಗೆ ಅವ್ವ ಮಣ್ಣಿನ ನಾಗಪ್ಪನಿಗೆ ಹಾಲೆರೆಯುತ್ತಿದ್ದಳು. ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಸಲ ಎರೆಯುವುದು ನಮ್ಮ ಪದ್ಧತಿ. "ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಪ್ಪನ ಪಾಲು..." ಆಮೇಲೆ ಸಣ್ಣ ದನಿಯಲ್ಲಿ, "ಆ ಆರೂ ಕೂಸಿನ ಪಾಲು."

"ಯಾವ ಆರು ಕೂಸಬೇ?"

"ನಿನ್ನ ಬಾಟ್ಲಿ ಒಳಗಿನವು. ಹಿತ್ತಲದಾಗ ಕರಿಬೇವಿನ ಬುಡಕ ಮಣ್ಣು ಮಾಡೇನಿ."

ಗುದ್ದಲಿಗೆ ಓಡಿದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಪಂಚಮಿ ದಿನ ನೆಲ ಅಗೀಬಾರದು!"

"ನೀ ಅಗದಿಯಲ್ಲ!"

"ನಾ ಅಗದದ್ದು ರೊಟ್ಟಿ ಹಬ್ಬದ ದಿನ."

ಶಾಸ್ತ್ರದಲ್ಲಿ ಅವಳನ್ನು ಗೆದ್ದವರಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಎರಡು ವರ್ಷದ ನನ್ನ ಕೆಲಸಕ್ಕೆ ಮಣ್ಣು ಹಾಕಿದಿ ಎಂದೆ. ಶೇಂಗಾ ಉಂಡಿ ಮುಟ್ಟದೆ ಅಟ್ಟದ ಮೆಟ್ಟಿಲ ಮೇಲೆ ಮುಖ ಊದಿಸಿ ಕುಳಿತೆ. ವಯಸ್ಸು ಮೂವತ್ತಾರು.

ಮಧ್ಯಾಹ್ನ ಅವ್ವ ಬಂದು ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು. ನನ್ನ ಕಡೆ ನೋಡಲಿಲ್ಲ.

"ನಿನಗಿಂತ ಮೊದಲ ಒಂದು ಆಗಿತ್ತು. ಗೊತ್ತೈತಿಲ್ಲ?"

ಗೊತ್ತಿತ್ತು. "ಮೊದಲಿಂದು ಉಳೀಲಿಲ್ಲ" ಎಂಬ ಒಂದು ವಾಕ್ಯದಷ್ಟು ಮಾತ್ರ ಗೊತ್ತಿತ್ತು.

"ಅರಿವಿ ಒಳಗ ಸುತ್ತಿ ನಿಮ್ಮ ಅಜ್ಜ, ಅಪ್ಪ ಒಯ್ದರು. ಬಾಣಂತಿ ಹೊಸ್ತಿಲಾ ದಾಟಬಾರದು ಅಂತ ನನ್ನ ಒಳಗ ಕುಂಡ್ರಿಸಿದ್ರು. ಎಲ್ಲಿ ಇಟ್ರಿ ಅಂತ ಕೇಳಿದೆ. ಅದನ್ನೆಲ್ಲಾ ನೀ ಕೇಳಬಾರದು ಅಂದ್ರು. ಈಗ ಕೇಳೂಣಂದ್ರ ಇಬ್ಬರೂ ಇಲ್ಲ." ಸೆರಗಿನ ಅಂಚನ್ನು ಮಡಿಸುತ್ತಾ, ಬಿಡಿಸುತ್ತಾ ಇದ್ದಳು. "ಮೀನಂತ ನನಗೂ ತಿಳೀತವಾ. ಹುಚ್ಚಿ ಅಲ್ಲ ನಾ. ಆದರ ಆ ಹೊಕ್ಕಳಬಳ್ಳಿ ಕಂಡ ಮ್ಯಾಲೆ ಬಾಟ್ಲಿ ಮುಚ್ಚಾಕ ಕೈ ಬರಲಿಲ್ಲ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಕೆಳಗಿಳಿದು ಅವಳಿಗೆ ಒತ್ತಿಕೊಂಡು ಕುಳಿತೆ. ಕಾರವಾರದ ಆ ಮೀನುಗಾರರು ಕೊಟ್ಟ ಮಾತನ್ನು ಹೇಳಿದೆ. ಈ ಆರನ್ನು ಅಳೆದು ತೋರಿಸದಿದ್ದರೆ ಅಳಿವೆಗೆ ಹೆರಲು ಬರುವ ಉಳಿದ ತಾಯಂದಿರಿಗೂ ಇದೇ ಗತಿ ಎಂದೆ. ಅವ್ವ ಸೆರಗು ಬಿಟ್ಟು ನನ್ನ ಕಡೆ ತಿರುಗಿದಳು.

"ಇಷ್ಟು ದಿನ ಇದನ್ನ್ಯಾಕ ಹೇಳಲಿಲ್ಲ ನೀ? ನಾ ಒಬ್ಬಾಕಿ ನೀರು ಪರೀಕ್ಷಾ, ನೀರು ಪರೀಕ್ಷಾ ಅಂತ ಒದರಕೋತ ಕುಂತೇನಿ. ನಾಳೆ ನಾನ ತಗದು ಕೊಡತೇನಿ, ಬಿಡು."

ಮರುದಿನ ಬಿಸಿಲು ಬಿದ್ದ ಮೇಲೆ ಹಿತ್ತಲಿಗೆ ಹೋದೆವು. ಗುದ್ದಲಿ ಬೇಡವೆಂದು ಅವ್ವ ಎರೆಮಣ್ಣನ್ನು ಕೈಯಿಂದಲೇ ಸರಿಸಿದಳು. ತನ್ನ ಹಳೆಯ ಕುಬಸದ ಮೆತ್ತನೆ ಬಟ್ಟೆಯಲ್ಲಿ ಆರನ್ನೂ ಸಾಲಾಗಿ ಮಲಗಿಸಿ, ಹಣೆಗೆ ವಿಭೂತಿ ಹಚ್ಚಿದ್ದಳು. ಶಾರ್ಕಿಗೆ ಹಣೆ ಎಲ್ಲಿದೆ ಎಂದು ಅವಳು ಹೇಗೆ ಗೊತ್ತು ಮಾಡಿಕೊಂಡಳೋ ಶಿವನೇ ಬಲ್ಲ. ಮೊದಲೇ ಸ್ಪಿರಿಟ್ಟು ಕುಡಿದಿದ್ದರಿಂದ ಮರಿಗಳು ಕೆಟ್ಟಿರಲಿಲ್ಲ.

ಹುಟ್ಟಿದಾಗಿನಿಂದ ಮೀನು ಮುಟ್ಟದ ಹೆಂಗಸು ಒಂದೊಂದನ್ನೇ ತೊಳೆದು ಅಂಗೈ ಮೇಲೆ ಹಿಡಿದಳು. ನಾನು ಮೂತಿಯಿಂದ ಬಾಲದವರೆಗೆ ಟೇಪು ಎಳೆದು ಉದ್ದ ಬರೆದೆ, ಗಂಡೋ ಹೆಣ್ಣೋ ಬರೆದೆ, ಬಳ್ಳಿಯ ಫೋಟೋ ತೆಗೆದೆ. "ಗಂಡು ಹೆಂಗ ಗೊತ್ತಾಕ್ಕೈತಿ?" ಎಂದಳು. ತೋರಿಸಿದೆ. "ಅಯ್ಯ ಶಿವನ!" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ಆರೂ ಮುಗಿದ ಮೇಲೆ, ಇನ್ನು ಬಾಟಲಿ ಬೇಡ, ನಿನ್ನ ಹತ್ತಿರವೇ ಇರಲಿ ಎಂದೆ. ಮತ್ತೆ ಸುತ್ತಿ ಮಲಗಿಸಿ, ಇಬ್ಬರೂ ಸೇರಿ ಮಣ್ಣು ಮುಚ್ಚಿದೆವು.

ನಾನು ನೋಟುಬುಕ್ಕು ಮಡಚುವುದರಲ್ಲಿದ್ದೆ. "ತಡಿ," ಎಂದಳು ಅವ್ವ. ಮಣ್ಣು ಮೆತ್ತಿದ ಎರಡೂ ಕೈಗಳನ್ನು ಎದುರು ಬದುರು ಹಿಡಿದು, ತುಸು ಹತ್ತಿರ ತಂದು, ಮತ್ತೆ ಕೂದಲೆಳೆಯಷ್ಟು ದೂರ ಮಾಡಿ ನಿಲ್ಲಿಸಿದಳು.

"ಇಷ್ಟಿತ್ತು ಅದು. ಯಾರೂ ಅಳೀಲಿಲ್ಲ."

ಆ ಕೈಗಳ ನಡುವೆ ಟೇಪು ಹಿಡಿದೆ. ನಲವತ್ತೆಂಟು ಸೆಂಟಿಮೀಟರ್. ಏಳನೆಯ ಸಾಲಿನಲ್ಲಿ ಬರೆದೆ. ಮುಂದಿನ ಕಾಲಮ್ಮು ಖಾಲಿ ಉಳಿದಿತ್ತು. ಕೇಳಲೋ ಬೇಡವೋ ಎಂದುಕೊಳ್ಳುತ್ತಲೇ ಕೇಳಿಬಿಟ್ಟೆ.

"ಹೆಣ್ಣು," ಎಂದಳು ಅವ್ವ.

ನನಗೊಬ್ಬಳು ಅಕ್ಕ ಇದ್ದಳೆಂದು ತಿಳಿದದ್ದು ಅವತ್ತು.