ಇಲಿರಾಯನ ಚಪ್ಪಲಿ

ಕುಕ್ಕರ್ ಕೂಗಿದರೆ ಸಾಕು, ಕಂಡಕ್ಟರಮ್ಮನ ಅಪ್ಪ ಎದ್ದು ಮನೆಯಿಂದಾಚೆ ಹೋಗಿ ನಿಲ್ಲುತ್ತಿದ್ದರು. ಲೇತ್ ಮೆಷಿನ್ನಿನ ಮುಂದೆ ಬದುಕು ಸವೆಸಿದ ಗಟ್ಟಿ ಆಳು, ಆವಿಯ ಸದ್ದಿಗೆ ಹೆದರುತ್ತಿದ್ದರು. ಕಾರಣ ಮನೆಯವರಿಗೆಲ್ಲ ಗೊತ್ತು, ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಅವರು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವರಪ್ಪ ಗಿರಣಿಯ ಬಾಯ್ಲರಿನೊಳಗೆ ಬೆಂದು ಸತ್ತಿದ್ದ.

ಈಗ ಅಪ್ಪನ ಹೃದಯದ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಮಗಳನ್ನು ಕರೆದು ಒಂದೇ ಮಾತು ಕೇಳಿದರು. "ನಿಮ್ಮಜ್ಜಂದೇ ತಪ್ಪಾ ಅಂತ ತಿಳ್ಕೊಂಡು ಬಾಮ್ಮ. ಚಪ್ಪಲಿ ಮರೆತವನ ಮಗ ಅನ್ನಿಸ್ಕೊಂಡೇ ಮುದುಕ ಆದೆ. ಹಂಗೇ ಸಾಯೋಕೆ ಮನಸ್ಸಿಲ್ಲ."

ಹಂಚಿಕಡ್ಡಿಯಂಥ ಮೈಯಿಂದಾಗಿ ಅಜ್ಜನಿಗೆ ಇಲಿರಾಯ ಎಂದೇ ಹೆಸರು. ತಣ್ಣಗಾದ ಬಾಯ್ಲರಿನ ಕಿರಿದಾದ ಬಾಯಲ್ಲಿ ನುಸುಳಿ, ಒಳಗೋಡೆಗೆ ಕಚ್ಚಿಕೊಂಡ ಸುಣ್ಣವನ್ನು ಉಳಿಯಿಂದ ಕೆತ್ತುವುದು ಅವನ ಕೆಲಸ. ಒಳಗೆ ಹೋಗುವವನು ಚಪ್ಪಲಿಯನ್ನು ಆ ಬಾಯಿಯ ಮುಂದೆ ಬಿಟ್ಟು ಹೋಗಬೇಕು. ಚಪ್ಪಲಿ ಇರುವ ತನಕ ಮುಚ್ಚಳ ಹಾಕುವಂತಿಲ್ಲ, ಪಕ್ಕದ ಬಾಯ್ಲರಿನಿಂದ ಆವಿ ಬಿಡುವಂತಿಲ್ಲ. ಕೂಲಿಕಾರರು ತಾವೇ ಮಾಡಿಕೊಂಡ ಕಾನೂನು ಅದು, ಮಾಲೀಕನೂ ಮೀರುತ್ತಿರಲಿಲ್ಲ.

ವಾರದ ರಜೆಯಲ್ಲಿ ಕಂಡಕ್ಟರಮ್ಮ ಹಳೆ ದಾಖಲೆಗಳ ಕಚೇರಿಗೆ ಹೋದಳು. "ಬದುಕಿರೋರ ಕಡತಾನೇ ಸಿಗಲ್ಲ ಇಲ್ಲಿ, ನೀವು ಸತ್ತವರ ಹಿಂದೆ ಬಿದ್ದಿದ್ದೀರಲ್ಲಮ್ಮ" ಎಂದು ಗುಮಾಸ್ತ ನಕ್ಕ. ಆದರೂ ಧೂಳು ಕೊಡವಿ ಹುಡುಕಿಕೊಟ್ಟ. ಅಜ್ಜನ ಇಡೀ ಬದುಕಿಗೆ ಅಲ್ಲಿ ಸಿಕ್ಕ ಜಾಗ ಒಂದೂವರೆ ಸಾಲು. ಚಪ್ಪಲಿ ಬಿಟ್ಟಿರಲಿಲ್ಲ, ಸ್ವಂತ ಅಜಾಗರೂಕತೆ. ಅವಳ ಮೈ ಉರಿದುಹೋಯಿತು. ಸತ್ತವನಿಗೆ ಬಾಯಿಲ್ಲ ಅಂದಮೇಲೆ ಬದುಕಿರುವವರು ಏನು ಬೇಕಾದರೂ ಬರೆಯಬಹುದು.

ಅಲ್ಲಿಂದ ನೇರ ಗಿರಣಿಗೆ. ಅದು ಬಾಗಿಲು ಹಾಕಿ ಯಾವ ಕಾಲವಾಯಿತೋ, ಎದೆಯೆತ್ತರದ ಹುಲ್ಲಿನ ನಡುವೆ ಬಾಯ್ಲರು ತುಕ್ಕು ಹಿಡಿದು ಮಲಗಿತ್ತು. ಅವಳು ಅದರ ಬಾಯೊಳಗೆ ತಲೆ ತೂರಿಸಿದಳು. ಅವಳ ಉಸಿರೇ ತಿರುಗಿ ಮುಖಕ್ಕೆ ಬಡಿಯಿತು, ಒಳಗೆ ಯಾರೋ ಉಸಿರಾಡುತ್ತಿರುವಂತೆ. "ಅಜ್ಜಾ" ಎಂದುಬಿಟ್ಟಳು. ಕರೆಯಬಾರದಿತ್ತು ಅನ್ನಿಸಿ, ಹಿಂದೆ ತಿರುಗಿ ನೋಡದೆ ನಡೆದಳು.

ಆ ಕಾಲ ಕಂಡವಳೆಂದರೆ ಇನ್ನು ಚಿಕ್ಕಜ್ಜಿ ಒಬ್ಬಳೇ, ಅಜ್ಜಿಯ ತಂಗಿ. "ಬೆಳಿಗ್ಗೆ ತಿಂದಿದ್ದೇ ನೆನಪಿರಲ್ಲ, ಇನ್ನು ಅದೆಲ್ಲಿ" ಎಂದು ಮುದುಕಿ ಜಾರಿಕೊಳ್ಳಲು ನೋಡಿದಳು.

"ಟಿಕೆಟ್ ತಗೊಳ್ಳದೋರನ್ನ ಮುಖ ನೋಡೇ ಹಿಡಿಯೋಳು ನಾನು, ಚಿಕ್ಕಜ್ಜಿ."

ಮುದುಕಿಯ ಕಣ್ಣು ತುಂಬಿತು. "ಚಪ್ಪಲಿ ಇತ್ತು ಕಣೇ. ಅವನು ಮರೆಯೋ ಆಸಾಮಿಯಲ್ಲ. ಅವತ್ತು ಅಕ್ಕ ಮೊದಲ್ನೇ ಸಲ ಊಟ ತಗೊಂಡು ಗಿರಣಿ ಒಳಗೆ ಹೋದ್ಳು, ಬಸುರಿ. ಅವನ ಚಪ್ಪಲಿ ಉಂಗುಷ್ಟ ಕಿತ್ತೋಗಿತ್ತು. ಅವನು ಹೊರಗೆ ಬರೋದ್ರೊಳಗೆ ಹೊಲಿಸಿಡೋಣ ಅಂತ ಎತ್ಕೊಂಡು ಎದುರು ಅಂಗಡಿಗೆ ಹೋದ್ಳು. ಆ ಕಾನೂನು ಅವಳಿಗೇನು ಗೊತ್ತು? ಹೆದರ್ತಾಳೆ ಅಂತ ಅವನು ಹೇಳೇ ಇರ್ಲಿಲ್ಲ. ಬೆಂಕಿ ಹಾಕೋನು ಬಂದು ನೋಡ್ದ, ಚಪ್ಪಲಿ ಇಲ್ಲ, ಮುಚ್ಚಳ ಹಾಕ್ದ, ಆವಿ ಬಿಟ್ಟ. ಪಕ್ಕದ ಬಾಯ್ಲರ್ ಗದ್ದಲದಲ್ಲಿ ಒಳಗಿನ ಉಳಿ ಸದ್ದು ಕೇಳ್ಬೇಕಲ್ಲ!"

"ಅಜ್ಜಿ ಯಾರಿಗೂ ಹೇಳ್ಲಿಲ್ವಾ?"

"ನಂಗೊಬ್ಳಿಗೆ, ಅದೂ ಸಾಯೋ ಮುಂಚೆ. ಅಪ್ಪನ್ನ ಕೊಂದೋಳು ಅಂತ ಮಗ ದೂರ ಮಾಡಿದ್ರೆ? ಬಿಸಿತುಪ್ಪ ಬಾಯಲ್ಲಿಟ್ಕೊಂಡೇ ಬದುಕಿದ್ಳು."

ಕಂಡಕ್ಟರಮ್ಮನಿಗೆ ಅತ್ತ ದರಿ, ಇತ್ತ ಪುಲಿ. ಅಜ್ಜನ ಹೆಸರಿನ ಮಸಿ ತೊಳೆದರೆ ಅದು ಅಜ್ಜಿಗೆ ಅಂಟುತ್ತದೆ. ಅಪ್ಪನಿಗೆ ತಾಯಿಯೆಂದರೆ ಪ್ರಾಣ, ಆ ಪ್ರಾಣಕ್ಕೀಗ ಆಪರೇಷನ್.

ಆಸ್ಪತ್ರೆಯ ಮಂಚದಲ್ಲಿ ಅಪ್ಪ ದಾರಿ ಕಾಯುತ್ತಿದ್ದರು.

"ಅಜ್ಜ ಚಪ್ಪಲಿ ಬಿಟ್ಟೇ ಒಳಗೆ ಹೋಗಿದ್ರಂತೆ ಅಪ್ಪ. ಅವರ ತಪ್ಪಲ್ಲ."

ಅಪ್ಪ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು. ಆಮೇಲೆ ಕೇಳಿದರು. "ಮತ್ತೆ ಆ ಚಪ್ಪಲಿ ಏನಾಯ್ತು?"

"ಯಾರಿಗೂ ಗೊತ್ತಿಲ್ವಂತೆ" ಎಂದು ಅವಳು ಕಿಟಕಿಯತ್ತ ತಿರುಗಿದಳು.

ಅಪ್ಪ ಅವಳ ಕಾಲಿನ ಚಪ್ಪಲಿಯನ್ನು ನೋಡಿದರು. "ಮೊದಲ್ನೇ ಸಂಬಳದಲ್ಲಿ ಅಮ್ಮಂಗೆ ಒಂದು ಜೊತೆ ಚಪ್ಪಲಿ ತಂದಿದ್ದೆ. ಕಾಲಿಗೆ ಹಾಕ್ಕೊಳ್ಳಲಿಲ್ಲ. ಎದೆಗೆ ಅವುಚ್ಕೊಂಡು ಗೊಳೋ ಅಂತ ಅತ್ತಳು. ಸಂತೋಷಕ್ಕೆ ಅಂದ್ಕೊಂಡಿದ್ದೆ. ಸಾಯೋ ತನಕ ಬರಿಗಾಲಲ್ಲೇ ಓಡಾಡಿದ್ಳು."

ಮಗಳು ತಿರುಗಲಿಲ್ಲ. ಅವಳ ಬೆನ್ನು ನಡುಗುತ್ತಿತ್ತು. ಅಪ್ಪನಿಗೆ ಅಷ್ಟೇ ಸಾಕಾಯಿತು.

"ಹೇಳಬಾರದಿತ್ತಾ ನಂಗೆ?" ಎಂದರು, ಅವಳಿಗಲ್ಲ. "ಅಮ್ಮ ಅಂತ ಕರೆಯೋದು ಬಿಟ್ಬಿಡ್ತಿದ್ನಾ ನಾನು?"